ಈರುಳ್ಳಿ ಬೇರಿಗೆ ಅಮೀರಕ್ಕ ಇಟ್ಟ ನಕ್ಷತ್ರ

ಬೆಳಗಿನ ತಂಡದ ಪ್ರಾಯೋಗಿಕ ಪರೀಕ್ಷೆ ಮುಗಿದು ಹೊರಬಂದ ಪದ್ಮಾಕ್ಷಿಯ ಮುಖ ಸಣ್ಣದಾಗಿತ್ತು. ಲ್ಯಾಬಿನ ಬಾಗಿಲಲ್ಲಿ ಗಾಜಿನ ಲೋಟ ತೊಳೆಯುತ್ತಿದ್ದ ಅಟೆಂಡರ್ ಅಮೀರುನ್ನೀಸಾಳನ್ನು ಕಂಡದ್ದೇ ತಡ, "ಅಮೀರಕ್ಕಾ, ನಮ್ಮೆಲ್ಲರ ಚಿತ್ರಕ್ಕೂ ಸೊನ್ನೆ. ಈರುಳ್ಳಿಗೆ ಸೆಂಟ್ರೋಸೋಮ್ ಎಲ್ಲಿಂದ ತಂದ್ರಿ ಅಂತ ಬೈದ್ರು. ಚಾರ್ಟಲ್ಲಿ ಇತ್ತಲ್ಲ?" ಎಂದು ಹೇಳಿ, ಕಣ್ಣೊರೆಸಿಕೊಂಡು ಬಸ್ಸಿಗೆ ನಡೆದಳು.

ಅಮೀರುನ್ನೀಸಾ ಅದೇ ಲೋಟವನ್ನು ಮೂರು ಸಲ ತೊಳೆದಳು.

ಆ ಚಾರ್ಟು ಬರೆದವಳು ಅವಳೇ. ಕೊಪ್ಪದ ಪೇಟೆಯಲ್ಲಿ ರವಿಕೆಗೆ ಕಸೂತಿ ಹಾಕುತ್ತಿದ್ದವಳು, ಎಪ್ಪತ್ತೈದನೇ ಇಸವಿಯಲ್ಲಿ ಬಾಳಗಡಿಯ ಕಾಲೇಜು ಸೇರಿದ್ದಳು. ಏಳು ವರ್ಷವಾದರೂ ಕೆಲಸ ಕಾಯಂ ಆಗಿರಲಿಲ್ಲ. ಈ ವರ್ಷ ದಸರೆಗೆ ಜೀವಶಾಸ್ತ್ರದ ಮೇಷ್ಟ್ರಿಗೆ ವರ್ಗವಾಯಿತು, ಹೊಸಬರು ಬರಲಿಲ್ಲ. ಹೋಗುವಾಗ ಅವರು, "ನಿನ್ನ ಕೈ ಚೆಂದ. ಈರುಳ್ಳಿ ಬೇರಿನ ಕೋಶ ಒಡೆಯೋ ಸ್ಲೈಡ್ ನೋಡಿ ಮಕ್ಕಳಿಗೊಂದು ಚಾರ್ಟ್ ಬರೆದಿಡು" ಎಂದಿದ್ದರು. ಬರೆದಳು. ನಡುವೆ ಸಾಲಾಗಿ ನಿಂತ ಕೆಂಪು ವರ್ಣತಂತುಗಳು, ಅವು ಎರಡು ಪಾಲಾಗಿ ಆಚೀಚೆ ಸರಿಯುವುದು, ಆಮೇಲೆ ಗೋಡೆ ಏಳುವುದು. ಕೋಶದ ಎರಡು ತುದಿಗಳು ಮಾತ್ರ ಬೋಳು. ಪಕ್ಕದಲ್ಲಿ ತೂಗುತ್ತಿದ್ದ ಪ್ರಾಣಿಕೋಶದ ಚಿತ್ರದಲ್ಲಾದರೆ ಒಂದು ಸೆಂಟ್ರೋಸೋಮ್ ಎರಡಾಗಿ, ತುದಿಗೊಂದರಂತೆ ಹೋಗಿ, ನಕ್ಷತ್ರದಂತೆ ಸುತ್ತ ಕಿರಣ ಚೆಲ್ಲಿ, ವರ್ಣತಂತುಗಳನ್ನು ಸೆಳೆಯುವ ಎಳೆಗಳನ್ನು ಹಿಡಿದು ನಿಂತಿತ್ತು. ತುದಿಗೆ ಗಂಟಿಲ್ಲದೆ ದಾರ ನಿಲ್ಲುತ್ತದೆಯೇ? ಕಸೂತಿಯ ಕೈ ಸುಮ್ಮನಿರಲಿಲ್ಲ. ಈರುಳ್ಳಿಗೂ ಎರಡು ನಕ್ಷತ್ರ ಇಟ್ಟಳು.

ಪರೀಕ್ಷೆಯೆಂದು ಚಾರ್ಟು ಸುರುಳಿಯಾಗಿ ಬೀರುವಿನ ಹಿಂದೆ ಸೇರಿತ್ತು. ತಾನು ಬಾಯಿ ಬಿಡದಿದ್ದರೆ ಪರೀಕ್ಷಕರಿಗೆ ತಿಳಿಯದು. ವರಾಂಡದ ಈ ಕೊನೆಯಿಂದ ಆ ಕೊನೆಗೆ ನಾಲ್ಕು ಸಲ ನಡೆದಳು. ಎರಡು ಗಂಟೆಗೆ ಇನ್ನೊಂದು ತಂಡ ಬಂದು ಅದನ್ನೇ ಬರೆಯುತ್ತದೆ. ಐದನೆಯ ಸಲ ಸುರುಳಿ ಹಿಡಿದು, ಬುತ್ತಿ ಬಿಚ್ಚುತ್ತಿದ್ದ ಪರೀಕ್ಷಕ ಚಂದ್ರಶೇಖರರ ಮುಂದೆ ಹೋಗಿ ನಿಂತಳು.

"ತಪ್ಪು ಮಕ್ಕಳದ್ದಲ್ಲ ಸಾರ್, ನಂದು."

ಅವರು ಚಾರ್ಟನ್ನು ಕಿಟಕಿಯ ಬೆಳಕಿಗೆ ಹಿಡಿದರು. "ನಕ್ಷತ್ರ ಲಾಯ್ಕ್ ಬಂದಿದೆ ಮಾರಾಯ್ತಿ. ಆದ್ರೆ ಈರುಳ್ಳಿಗೆ ಅದು ಇಲ್ಲವೇ ಇಲ್ಲ."

"ಹಂಗಾದ್ರೆ ಎಳೆ ಹಿಡಿಯೋರ್ ಯಾರು ಸಾರ್?"

"ಅದು ನಮಗೂ ಪೂರ್ತಿ ಗೊತ್ತಿಲ್ಲ." ಬುತ್ತಿ ಮುಚ್ಚಿದರು. "ನಿಮ್ಮ ಪ್ರಿನ್ಸಿಪಾಲರಿಗೆ ನಾನು ಹೇಳ್ಬೇಕಾಗ್ತದೆ."

"ಹೇಳಿ. ಮಕ್ಕಳದ್ದು?"

"ಕರೀರಿ. ಸ್ಲೈಡ್ ನೋಡಿ, ಕಂಡದ್ದನ್ನ ಹೊಸದಾಗಿ ಬರೀಲಿ. ಎರಡು ಗಂಟೆಯವರಿಗೆ ನಾನೇ ಮೊದಲು ಹೇಳ್ತೇನೆ."

ಉಳಿದವರು ಹೋಟೆಲಿನ ಮುಂದೆ ಸಿಕ್ಕಿದರು. ಪದ್ಮಾಕ್ಷಿ ಮಾತ್ರ ಕೆರೆಕಟ್ಟೆಯ ಬಸ್ಸು ಹತ್ತಿಯಾಗಿತ್ತು. ಅಮೀರುನ್ನೀಸಾ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು.

"ಎಂತ ಅಮೀರಕ್ಕ, ಕಾಲೇಜಿಗೆ ಬೆಂಕಿ ಬಿತ್ತಾ?" ಎಂದ ಕಂಡಕ್ಟರ್.

"ಹುಡುಗೀನ ಇಳಿಸು ಮಾರಾಯ!"

"ಮುಂದಿನ ಬಸ್ಸು ಸಂಜೆಗೇ ಮತ್ತೆ!"

"ನಾನೇ ಬಂದು ಹತ್ತಿಸ್ತೀನಿ, ಇಳಿಸು!"

ಲ್ಯಾಬಿಗೆ ಮರಳಿದ ಪದ್ಮಾಕ್ಷಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ತುದಿಯಲ್ಲಿ ಏನಿದೆ ಎಂದು ಪರೀಕ್ಷಕರು ಕೇಳಿದರು. ಅವಳು ತಲೆಯೆತ್ತಿ ಅಮೀರುನ್ನೀಸಾಳ ಮುಖ ನೋಡಿದಳು.

"ನನ್ನನ್ನ ನೋಡ್ಬೇಡ ಮಗಳೇ, ಅದನ್ನ ನೋಡು."

"ಏನೂ ಇಲ್ಲ ಸಾರ್."

"ಸರಿ, ಹಾಗೇ ಬರಿ" ಎಂದು ಅವರು ಹಾಳೆಯ ಮೇಲಿನ ಸೊನ್ನೆ ಹೊಡೆದುಹಾಕಿದರು.

ಪ್ರಿನ್ಸಿಪಾಲರ ಕರೆ ಇನ್ನೂ ಬಂದಿರಲಿಲ್ಲ. ಅಮೀರುನ್ನೀಸಾ ಬಿಳಿ ಬಣ್ಣ ಕಲಸಿ ಚಾರ್ಟಿನ ಎರಡೂ ನಕ್ಷತ್ರ ಮುಚ್ಚಿದಳು. ಬಣ್ಣ ಒಣಗುವವರೆಗೂ ಅವಳ ಬೆರಳು ಆ ಬೋಳು ತುದಿಯ ಹತ್ತಿರವೇ ತಡವರಿಸುತ್ತಿತ್ತು.