ಬುಡ ಕಾಣದ ಭರಣಿ

ಫಾತಿಮವ್ವನ ಭರಣಿಯ ಬುಡವನ್ನು ಯಾರೂ ಕಂಡವರಿರಲಿಲ್ಲ. ಕಮತಗಿಯ ನಮ್ಮ ಓಣಿಯಲ್ಲಿ ಕೂಸು ಹುಟ್ಟಿದ ಮನೆಗೆಲ್ಲ ಹೊಟ್ಟೆನೋವಿನ ಪುಡಿ ಆಕೆಯದೇ. ಬಜೆ, ಅಳಲೆಕಾಯಿ, ಅಜವಾನ, ಜೊತೆಗೆ ಆಕೆ ಹೆಸರು ಹೇಳದ ಎರಡು ಬೇರು. ಅಂಗಳದಲ್ಲಿ ಆಡು ಕಟ್ಟುವ ಗೂಟದ ಪಕ್ಕದಲ್ಲೇ ಗೋಣಿತಟ್ಟು ಹಾಸಿ ಒಣಗಿಸುವಳು, ಕುಟ್ಟುವಳು, ಸೋಸುವಳು. ಭರಣಿಯ ತಳ ಕಾಣುವ ಮೊದಲೇ ಹೊಸ ಪುಡಿ ಸುರಿದು ಮೊಣಕೈವರೆಗೆ ಕೈಯಾಡಿಸುವಳು. ಅದನ್ನು ತೊಳೆದದ್ದು ನಾನಂತೂ ನೋಡಿಲ್ಲ. ಯಾಕೆಂದು ಕೇಳಿದರೆ ನನ್ನನ್ನೇ ಗದರುವಳು:

“ಹೆಪ್ಪ ಇಲ್ದ ಮೊಸರು ಆಗತೈತೇನೋ ಹುಚ್ಚಪ್ಪಾ? ಇದರಾಗ ನಮ್ಮತ್ತಿ ಹಾಕಿದ ಪುಡಿ ಐತಿ, ಆಕಿ ಅತ್ತಿ ಹಾಕಿದ್ದೂ ಐತಿ. ಹಳೀದು ಇದ್ರನ ಹೊಸದಕ್ಕ ಕಸು.”

ಬಾಯಿ ಜೋರು, ಕೈ ಮೆತ್ತಗೆ. ಅಳುವ ಕೂಸನ್ನು ಕಸಿದುಕೊಂಡು ಅದರ ಹೊಟ್ಟೆಗೆ ಕಿವಿಯಿಟ್ಟು, “ಒಳಗ ಗುಡುಗಾಕತ್ತೈತಿ. ನೀ ಸಿಕ್ಕದ್ದು ತಿಂದಿ, ಇದಕ್ಕ ಶಿಕ್ಷಾ” ಎಂದು ಬಾಣಂತಿಯನ್ನೇ ಬೈಯುವಳು. ನನಗೂ ಆಕೆಯೇ ಪುಡಿ ನೆಕ್ಕಿಸಿದ್ದಂತೆ. ನಾನು ಬಾಗಲಕೋಟೆಯ ಲ್ಯಾಬೊಂದರಲ್ಲಿ ಕೆಲಸಕ್ಕೆ ಸೇರಿದಾಗ ಓಣಿಗೆಲ್ಲ ಹೇಳಿಕೊಂಡು ಬಂದಳು: “ನನ್ನ ಪುಡಿ ತಿಂದು ಬೆಳದಾಂವ. ಶಾಣ್ಯಾ ಆಗದ ಏನಾದಾನು!”

ಅದೇ ಲ್ಯಾಬಿನಲ್ಲಿ ಒಂದು ದಿನ, ಬರೀ ಕುತೂಹಲಕ್ಕೆ, ಆಕೆಯ ಪುಡಿಯ ಚಿಟಿಕೆಯೊಂದನ್ನು ಪರೀಕ್ಷೆಗೆ ಹಾಕಿದೆ. ಮರುದಿನ ಗಾಜಿನ ತಟ್ಟೆ ತೆಗೆದು ನೋಡಿದೆ. ಸಾಸಿವೆಯಷ್ಟು ಜಾಗವೂ ಬಿಡದೆ ಬ್ಯಾಕ್ಟೀರಿಯಾ ಬೆಳೆದಿತ್ತು. ಸಗಣಿ, ಹಿಕ್ಕೆಗಳಲ್ಲಿರುವ ಜಾತಿಯೂ ಅದರಲ್ಲಿತ್ತು.

ಹೇಳಲೆಂದೇ ಮೂರು ಸಲ ಊರಿಗೆ ಹೋದೆ. ಮೂರು ಸಲವೂ ಆಕೆ ಚಹಾ ಕೊಟ್ಟಳು, ತಲೆ ಸವರಿದಳು, ನಾನು ಬಾಯಿ ಮುಚ್ಚಿಕೊಂಡು ಬಂದೆ. ಇಷ್ಟು ಕೂಸುಗಳು ತಿಂದು ಬದುಕಿವೆಯಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಥೂ, ಹೇಡಿ ಎನ್ನದೆ ನನ್ನನ್ನು ಇನ್ನೇನೆನ್ನಲಿ!

ಆ ಮಳೆಗಾಲದಲ್ಲಿ ಫಾತಿಮವ್ವನ ಮೊಮ್ಮಗಳು ಹುಟ್ಟಿದಳು. ದಿನ ತುಂಬುವ ಮೊದಲೇ ಬಂದ ಕೂಸು, ಬೊಗಸೆಯಷ್ಟು. ಹೊಟ್ಟೆ ಉಬ್ಬಿತೆಂದು ಫಾತಿಮವ್ವ ಪುಡಿಯನ್ನು ತಣ್ಣೀರಲ್ಲಿ ಕಲಸಿ ನೆಕ್ಕಿಸಿದಳು. ಕುದಿಸಿದರೆ ಕಸು ಹೋಗುತ್ತದೆಂದು ಆಕೆಯ ನಂಬಿಕೆ. ಭೇದಿಯಾಯಿತು, ಜ್ವರ ಬಂತು. ಬಾಗಲಕೋಟೆಯ ದವಾಖಾನೆಗೆ ತರುವಷ್ಟರಲ್ಲಿ ಕೂಸು ಅಳುವುದನ್ನೂ ಬಿಟ್ಟಿತ್ತು. ರಕ್ತಕ್ಕೆಲ್ಲ ನಂಜು ಏರಿದೆ, ಏನು ಕುಡಿಸಿದಿರಿ ಎಂದು ಡಾಕ್ಟರು ಕೇಳಿದರು. ಎರಡನೇ ದಿನ ಕೂಸು ಹೋಯಿತು.

ಮಣ್ಣು ಕೊಟ್ಟು ಬಂದ ಮೇಲೆ ಆಕೆಯೆದುರು ಕೂತು ಎಲ್ಲ ಹೇಳಿದೆ, ಗಾಜಿನ ತಟ್ಟೆಯಲ್ಲಿ ಕಂಡದ್ದನ್ನೂ. ಆಕೆ ಕೂಗಾಡಲಿಲ್ಲ.

“ಯಾವಾಗ ನೋಡಿದ್ದಿ?”

“ಯುಗಾದಿ ಮುಂದ, ಯವ್ವಾ.”

“ನಾ ಅಕ್ಷರ ಕಲತಾಕಿ ಅಲ್ಲೋ ಯಪ್ಪಾ. ನನಗ ಗೊತ್ತಿರಲಿಲ್ಲ. ನಿನಗ ಗೊತ್ತಿತ್ತು.”

ಎದ್ದು ಹೋಗಿ ಭರಣಿಯನ್ನು ಅಂಗಳಕ್ಕೆ ತಂದು ಕವುಚಿದಳು. ತಳದಲ್ಲಿ ಗಟ್ಟಿಕಟ್ಟಿದ್ದ ಕಪ್ಪು ಪುಡಿಯನ್ನು ಕುಡುಗೋಲಿನ ತುದಿಯಿಂದ ಕೆರೆದಳು. ಅತ್ತೆಯ ಕೈಯ ಪುಡಿ ಅದೇ ಇದ್ದೀತು. ಕೆರೆಯುತ್ತ ಕೆರೆಯುತ್ತ ಅತ್ತಳು.

ಮರುವರ್ಷ ಆಕೆ ತೀರಿಕೊಂಡಳು. ಅಲ್ಲಿಯವರೆಗೂ ಕೂಸು ಎತ್ತಿಕೊಂಡು ಬಂದವರಿಗೆ ಬಾಗಿಲಲ್ಲೇ ನಿಂತು “ದವಾಖಾನಿಗೆ ಹೋಗ್ರಿ” ಎನ್ನುತ್ತಿದ್ದಳಂತೆ. ಒಂದು ಕೂಸನ್ನೂ ಮುಟ್ಟಲಿಲ್ಲವಂತೆ. ಕೊನೆಯ ಸಲ ನಾನು ಹೋದಾಗಲೂ ಚಹಾ ಕೊಟ್ಟಳು. ತಲೆ ಮಾತ್ರ ಸವರಲಿಲ್ಲ.