ಮದುವೆ ಮನೆ ಉಂಡ ಮಠದ ಬುತ್ತಿ

ಅಪ್ಪನಿಗೆ ಲಕ್ವಾ ಹೊಡೆದದ್ದು ಲಕ್ಷ್ಮೇಶ್ವರದ ಬಸ್ ಸ್ಟ್ಯಾಂಡ್ ಹತ್ತಿರ, ತನ್ನ ಗಾಡಿಯಲ್ಲಿ ಮಿರ್ಚಿ ಕರಿಯುವಾಗ ಎಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಮೊನ್ನೆ ತಂಗಿ ತಿದ್ದಿದಳು: "ಗಾಡಿ ಹಂತೇಕ ಅಲ್ಲಣ್ಣಾ, ಮನ್ಯಾಗ. ಹಲ್ಲು ತಿಕ್ಕೋವಾಗ." ಕುದಿಯುವ ಎಣ್ಣೆ, ಓಡಿಬಂದ ಜನ ಎಲ್ಲ ನನ್ನ ಕಣ್ಣ ಮುಂದಿವೆ. ಆದರೆ ಆ ದಿನ ನಾನು ಊರಲ್ಲೇ ಇರಲಿಲ್ಲ, ಮುಂಡರಗಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದೆ. ರಜೆಗೆ ಬಂದಿದ್ದ ತಂಗಿ ಮನೆಯಲ್ಲಿದ್ದಳು. ಹಾಗಾಗಿ ಮುಂದಿನದನ್ನು ಅವಳನ್ನು ಕೇಳಿ ಕೇಳಿ ಬರೆಯುತ್ತಿದ್ದೇನೆ.

ಇಷ್ಟಂತೂ ಖಚಿತ. ಅಪ್ಪನ ಬಲಗೈ, ಬಲಗಾಲು ನಿಂತುಹೋದವು. ಗಾಡಿಯೂ ನಿಂತಿತು. ನಾನು ಧಾರವಾಡದಲ್ಲಿ ಸಮಾಜಶಾಸ್ತ್ರ ಓದಿ ಅತಿಥಿ ಉಪನ್ಯಾಸಕನಾಗಿದ್ದೆ. ಸಂಬಳ ಬಂದರೆ ಬಂತು, ಇಲ್ಲವಾದರೆ ಇಲ್ಲ. ಆ ಚಳಿಗಾಲದಲ್ಲಿ ಅದು ಬರಲೇ ಇಲ್ಲ. ಗದಗಿನಲ್ಲಿ ನರ್ಸಿಂಗ್ ಓದುತ್ತಿದ್ದ ತಂಗಿ ಹಾಸ್ಟೆಲ್ ಬಿಟ್ಟು ಟ್ರಂಕಿನೊಡನೆ ಮನೆಗೆ ಬಂದಳು. ಶಿವರಾತ್ರಿಯೊಳಗೆ ಫೀ ಕಟ್ಟಿ ವಾಪಸಾದರೆ ಸರಿ, ಇಲ್ಲದಿದ್ದರೆ ಅವಳ ಓದು ಅಲ್ಲಿಗೇ ಮುಗಿದಂತೆ. ಇಬ್ಬರು ನೆಂಟರು ಆಗಲೇ ಅವಳಿಗೆ ವರ ಹುಡುಕತೊಡಗಿದ್ದರು.

ನಮ್ಮ ಓಣಿಯಲ್ಲೊಂದು ರೂಢಿ. ಶಿರಹಟ್ಟಿ ಕಡೆಯ ಮಠವೊಂದರಲ್ಲಿ ವರ್ಷಕ್ಕೊಮ್ಮೆ ನಡೆಯುವ ದಾಸೋಹಕ್ಕೆ ಮನೆಮನೆಯಿಂದ ಖಡಕ್ ಜೋಳದ ರೊಟ್ಟಿ ಹೋಗುತ್ತದೆ. ಬುಟ್ಟಿಯ ತಳದಲ್ಲಿ ಒಂದು ವಿಭೂತಿ ಉಂಡೆ, ನಾಲ್ಕು ಬಿಲ್ವಪತ್ರಿ ಇಟ್ಟು, ಮೇಲೆ ರೊಟ್ಟಿ ಜೋಡಿಸಿ, ಬಿಳಿ ಅರಿವೆ ಕಟ್ಟುತ್ತಾರೆ. ಅದು ಮಠದ ಬುತ್ತಿ. ಮಠ ಮುಟ್ಟುವ ತನಕ ಅದರಲ್ಲಿ ಒಂದು ಚೂರನ್ನೂ ಯಾರೂ ಬಾಯಿಗೆ ಹಾಕುವುದಿಲ್ಲ.

ಆ ವರ್ಷ ನಮ್ಮಲ್ಲಿದ್ದದ್ದು ಚೀಲದ ತಳದ ಜೋಳವಷ್ಟೇ. ಅವ್ವ ಅದನ್ನೇ ಹೊತ್ತು ಗಿರಣಿಗೆ ಹೊರಟಳು.

"ಈ ವರ್ಷ ಬಿಡವ್ವಾ," ಅಂದೆ. "ನಾವೇನು ತಿನ್ನೂದು?"

"ಕೊಡಾಂವ ಕೊಡ್ತಾನ."

"ಎಲ್ಲಿಂದ ಕೊಡ್ತಾನ? ಅವನ ಮಾರಿ ಯಾರರ ನೋಡ್ಯಾರೇನು?"

ಅವ್ವ ಚೀಲ ಕೆಳಗಿಟ್ಟಳು. "ಲೇ, ನಿನಗ ಪಗಾರ ಕೊಡೋ ಸರಕಾರದ ಮಾರಿ ನೀ ನೋಡೀಯೇನು? ಅದನ್ನ ನಂಬಿ ದಿನಾ ಮುಂಜಾನೆ ಬಸ್ ಹತ್ತಿ ಹೋಗ್ತಿಯಲ್ಲ, ನಾನೂ ಹಂಗ ಹೊಂಟೇನಿ. ದಾರಿ ಬಿಡು."

ಗೋಡೆಗೊರಗಿ ಕೂತಿದ್ದ ಅಪ್ಪ ಸೊಟ್ಟ ಬಾಯಲ್ಲೇ ನಕ್ಕ. ಕಾಯಿಲೆ ಬಿದ್ದ ಮೇಲೆ ಅವನು ನಕ್ಕದ್ದು ಅದೇ ಮೊದಲು ಅನ್ನಿಸುತ್ತದೆ, ಪಕ್ಕಾ ಹೇಳಲಾರೆ. ನಾನು ದಾರಿ ಬಿಟ್ಟೆ.

ಅವ್ವ, ತಂಗಿ ಕೂತು ರೊಟ್ಟಿ ಬಡಿದರು. ತಂಗಿ ಬಡಿಯುತ್ತಾ ಅಳುತ್ತಿದ್ದಳೆಂದು ನನ್ನ ನೆನಪು. "ಹೊಗಿಗೆ ಕಣ್ಣಾಗ ನೀರು ಬಂದಿದ್ವು, ನೀ ಕತಿ ಕಟ್ಟಬ್ಯಾಡ," ಅನ್ನುತ್ತಾಳೆ ಈಗ.

ಬುಟ್ಟಿ ಒಯ್ಯಲು ಬಂದ ಟೆಂಪೊದಲ್ಲಿ ಮುಳಗುಂದದ ಮದುವೆ ಮನೆಯೊಂದರ ರೊಟ್ಟಿ ಬುಟ್ಟಿಗಳೂ ಇದ್ದವು, ಪಕ್ಕದ ಓಣಿಯ ಹೆಂಗಸರು ಕೂಲಿಗೆ ಬಡಿದುಕೊಟ್ಟಂಥವು. ಅವಕ್ಕೂ ಬಿಳಿ ಅರಿವೆಯೇ. ಟೆಂಪೊ ಮೊದಲು ಮುಳಗುಂದಕ್ಕೆ ಹೋಯಿತು. ಮದುವೆ ಗದ್ದಲದಲ್ಲಿ ಅಲ್ಲಿಯವರು ತಮ್ಮ ಬುಟ್ಟಿಗಳ ಜೊತೆ ಅವ್ವನ ಬುಟ್ಟಿಯನ್ನೂ ಇಳಿಸಿಕೊಂಡುಬಿಟ್ಟರು. ರೊಟ್ಟಿಯೆಲ್ಲ ಬಡಿಸಿ ಮುಗಿದ ಮೇಲೆ ತಳದಲ್ಲಿ ಬಿಲ್ವಪತ್ರಿ, ವಿಭೂತಿ ಸಿಕ್ಕಿತಂತೆ.

ಮರುದಿನ ಮುಂಜಾನೆ ಮದುವೆ ಮನೆಯ ಯಜಮಾನ, ಅವನ ಹೆಂಡತಿ ನಮ್ಮ ಬಾಗಿಲಿಗೆ ಬಂದರು. ಡ್ರೈವರನನ್ನು ಹಿಡಿದು ಕೇಳಿ ಮನೆ ಪತ್ತೆ ಮಾಡಿದ್ದರು. ಕೈಯಲ್ಲಿ ತೆಂಗಿನಕಾಯಿ. ಒಳಗೆ ಬರಲಿಲ್ಲ.

"ಅಕ್ಕಾರ, ದೊಡ್ಡ ತಪ್ಪಾತ್ರಿ," ಅಂದ ಯಜಮಾನ. "ಮಠದ ಬುತ್ತಿ ನಮ್ಮ ಮಂದಿ ಉಂಡುಬಿಟ್ಟಾರ."

ಅವ್ವ ಹೊಸ್ತಿಲ ತನಕ ಬಂದು ಇಬ್ಬರನ್ನೂ ನೋಡಿದಳು. ಆಮೇಲೆ ಕೇಳಿದಳು: "ಉಂಡೋರು ಹಸದಿದ್ರೇನ್ರಿ?"

"ಹೌದ್ರೀ, ಹಸದಿದ್ರು. ಬೀಗರ ಬಸ್ಸು ತಡಾ ಆಗಿತ್ತು."

"ಹಂಗಾರ ಮುಟ್ಟೋರಿಗೆ ಮುಟ್ಟೇತಿ. ಬರ್ರಿ, ಒಳಗ ಕುಂಡ್ರಿ."

ಹೆಂಡತಿಗೆ ಧೈರ್ಯ ಬಂತು. "ಖರೆ ಹೇಳ್ಲೇನ್ರಿ? ನಮ್ಮ ಬೀಗರು ಹೋಳಿಗಿ ಬಿಟ್ಟು ನಿಮ್ಮ ರೊಟ್ಟಿ ಬೇಡಿದ್ರು. ನಾ ಎರಡು ದಿನ ಬೆಲ್ಲದಾಗ ಕೈ ಇಟ್ಟು ಹೂರಣ ಮಾಡಿದ್ದು ಹೊಳ್ಯಾಗ ಹೋತು!"

ಮಠಕ್ಕೆ ಎರಡರಷ್ಟು ರೊಟ್ಟಿ ಮುಟ್ಟಿಸುವುದಾಗಿ ಅವರು ಹರಕೆ ಹೊತ್ತಿದ್ದರು. ಜೋಳ ತಾವು ಕಳಿಸುತ್ತೇವೆ, ಬಡಿದುಕೊಡಬೇಕು, ಕೂಲಿ ತಗೊಳ್ಳಲೇಬೇಕು ಅಂದರು. ಅವ್ವ ಕೂಲಿ ಒಲ್ಲೆ ಅಂದಳು. ನಾನು ಬಾಗಿಲ ಮರೆಯಲ್ಲಿ ಹಲ್ಲು ಕಡಿದೆ.

ಎದ್ದು ಹೊರಟಾಗ ಹೆಂಡತಿ ತಿರುಗಿ ನಿಂತಳು. "ದೇವರದು ಬ್ಯಾರೆ ಆತ್ರಿ. ನನ್ನ ತಮ್ಮಂದು ಗದಗಿನ್ಯಾಗ ಖಾನಾವಳಿ ಐತಿ. ನಿನ್ನೆಯಿಂದ 'ಯಾರು ಬಡದಾರ, ಯಾರು ಬಡದಾರ' ಅಂತ ನನ್ನ ತಲಿ ತಿಂದಾನ. ಅವಗ ದಿನಾ ರೊಟ್ಟಿ ಕೊಡ್ತೀರೇನು? ಅದಕ್ಕರ ರೊಕ್ಕ ತಗೋತೀರಿಲ್ಲೋ?"

"ಅದಕ್ಯಾಕ ಬಿಡ್ಲೆವ್ವ!" ಅಂದಳು ಅವ್ವ. ಮೂವರೂ ನಕ್ಕರು.

ಖಾನಾವಳಿಯವನು ಅದೇ ವಾರ ಬಂದು ಮುಂಗಡ ಕೊಟ್ಟ. ಎರಡನೇ ಒಲೆ ಹೂಡಿದೆವು. ಪಕ್ಕದ ಮನೆಯ ಇಬ್ಬರು ಹೆಂಗಸರು ಬಡಿಯಲು ಕೂತರು. ಅಪ್ಪನಿಗೂ ಕೆಲಸ ಸಿಕ್ಕಿತು. ಎಡಗೈಯಲ್ಲಿ ರೊಟ್ಟಿಯ ಅಂಚು ಮುರಿದು ಸಪ್ಪಳ ಕೇಳುತ್ತಿದ್ದ. ಚಟ್ ಅಂದರೆ ಬುಟ್ಟಿಗೆ. ಇಲ್ಲದಿದ್ದರೆ "ಹಸಿ" ಎಂದು ತೊದಲುತ್ತಾ ಹಂಚಿಗೆ ವಾಪಸು. ಹೆಂಗಸರು ಅವನಿಗೆ ಸಾಹೇಬ್ರು ಎಂದು ಹೆಸರಿಟ್ಟರು.

ಇದೆಲ್ಲ ಆಕಸ್ಮಿಕ ಎಂದು ನಾನು ಇವತ್ತಿಗೂ ಅವ್ವನ ಎದುರು ವಾದಿಸುತ್ತೇನೆ. ಮದುವೆಯ ಸುಗ್ಗಿ, ಒಂದೇ ಬಣ್ಣದ ಅರಿವೆ, ಊಟ ಬಲ್ಲ ಒಬ್ಬ ಅತಿಥಿ: ಎಲ್ಲಕ್ಕೂ ಕಾರಣವಿದೆ. ಅವ್ವ ಅಲ್ಲಗಳೆಯುವುದಿಲ್ಲ. ನಾನು ಮಾತ್ರ ಒಂದು ಕಡೆ ಬಂದು ತಡವರಿಸುತ್ತೇನೆ. ಆ ದಿನ ನನ್ನ ಮಾತು ನಡೆದಿದ್ದರೆ, ಮದುವೆ ಮನೆಯವರು ತಪ್ಪಿ ಇಳಿಸಿಕೊಳ್ಳಲು ಬುಟ್ಟಿಯೇ ಇರುತ್ತಿರಲಿಲ್ಲ. ತಳದ ಜೋಳವನ್ನು ಕೊಟ್ಟುಬಿಡುವುದಕ್ಕೆ ಯಾವ ಕಾರಣವೂ ಇರಲಿಲ್ಲ, ಅವ್ವನ ನಂಬಿಕೆಯೊಂದನ್ನು ಬಿಟ್ಟು. ಅದನ್ನು ನನ್ನ ಲೆಕ್ಕದಲ್ಲಿ ಎಲ್ಲಿ ಸೇರಿಸಬೇಕೋ ನನಗಿನ್ನೂ ತಿಳಿದಿಲ್ಲ.

ಶಿವರಾತ್ರಿಗೆ ಮೊದಲೇ ತಂಗಿಯ ಫೀ ಕಟ್ಟಿದೆವು. ನನ್ನ ಸಂಬಳ ಆಗಲೂ ಬಂದಿರಲಿಲ್ಲ.

ಅವಳನ್ನು ಕಳಿಸಲು ಮನೆಮಂದಿಯೆಲ್ಲ ಬಸ್ ಸ್ಟ್ಯಾಂಡಿಗೆ ಹೋದೆವು. ಅಪ್ಪ ನನ್ನ ಹೆಗಲು ಹಿಡಿದು ಬಂದ. ಗದಗಿನ ಬಸ್ಸು ಕಿಕ್ಕಿರಿದಿತ್ತು. ಅವ್ವ ಮೆಟ್ಟಿಲೇರಿ ನಿಂತು ಕೂಗಿದಳು: "ನರ್ಸಬಾಯಿ ಬಂದಾಳ, ಜಾಗಾ ಬಿಡ್ರೀ!"

ಬಸ್ಸೆಲ್ಲ ನಕ್ಕಿತು. "ಕಲಿಯೋದು ಮುಗಿಸ್ಯಾಳೇನಬೇ?" ಅಂದ ಕಂಡಕ್ಟರ್.

"ಮುಗಸ್ತಾಳ!"

ಅದು ಯಾವ ವಾರ, ಬಿಸಿಲಿತ್ತೋ ಮೋಡವಿತ್ತೋ, ನನಗೂ ತಂಗಿಗೂ ಹೊಂದುವುದಿಲ್ಲ. ಆದರೆ ಕಿಟಕಿ ಪಕ್ಕ ಕೂತಿದ್ದ ಮುದುಕ ಎದ್ದು ಅವಳಿಗೆ ಜಾಗ ಬಿಟ್ಟದ್ದನ್ನು ಇಬ್ಬರೂ ನೋಡಿದ್ದೇವೆ.