ಗೋಕ್ಜೆಗೆ ಗಂಜಿ ಕಾಯಿಸುವ ದೊಡ್ಡಮ್ಮ

ಇನ್ನೂ ಬೆಳಕು ಹರಿಯುತ್ತಿದೆ. ಮರಳಂಚಿನ ಕುರಿಹಟ್ಟಿಯಲ್ಲಿ ಒಗುಲ್‌ಗೆರೆಕ್ ದೊಡ್ಡಮ್ಮ ಒಲೆಯೆದುರು ಕುಕ್ಕರಗಾಲಲ್ಲಿ ಕೂತು ಕಡಾಯಿ ತಿರುವುತ್ತಿದ್ದಾರೆ. ಬಾರ್ಲಿ ಹಿಟ್ಟು, ನೀರು, ಕುರಿಬಾಲದ ಒಂದಿಷ್ಟು ಕೊಬ್ಬು. ಹಟ್ಟಿ ಕಾಯುವ ಒಂಬತ್ತು ದೈತ್ಯ ಆಲಬಾಯ್ ನಾಯಿಗಳಿಗೆ ದಿನಕ್ಕೆ ಎರಡು ಕಡಾಯಿ ಗಂಜಿ ಬೇಕು. ಬೆರಳದ್ದಿ ನೋಡಿ, ಆರಿದ ಮೇಲೆಯೇ ಬಡಿಸುತ್ತಾರೆ.

“ಬಿಸಿಬಿಸಿ ಹಾಕಿದ್ರೆ ಮೂಗು ಸುಟ್ಕೊಳ್ತಾವೆ. ಮೂಗು ಹೋದ ನಾಯಿಗೆ ತೋಳನೂ ಒಂದೇ, ಮನೆ ಅಳಿಯನೂ ಒಂದೇ.”

ಅವರ ಹೆಸರಿನ ಅರ್ಥವೇ ‘ಗಂಡುಮಗು ಬೇಕು’ ಎಂದು. ಹೆಸರಿಟ್ಟರೂ ಗಂಡು ಹುಟ್ಟಲಿಲ್ಲ. ಅಪ್ಪ ನಾಯಿ ಸಾಕುವ ವಿದ್ಯೆಯನ್ನೆಲ್ಲ ಈ ಮಗಳಿಗೇ ಧಾರೆಯೆರೆದ. ಗಂಡ ತೀರಿಕೊಂಡ ಚಳಿಗಾಲದಲ್ಲೂ ಕಡಾಯಿ ಒಲೆಯಿಂದ ಇಳಿಯಲಿಲ್ಲ. ಪ್ರದರ್ಶನದಲ್ಲಿ ನಾಯಿ ಗೆದ್ದರೆ ಫೋಟೊ ಹಟ್ಟಿಯ ಮಾಲೀಕನದು. ಕಿವಿಯೊಳಗಿನ ಉಣ್ಣಿ ಹೆಕ್ಕಿದ, ಉದುರುಗೂದಲು ಬಾಚಿದ ಕೈಗಳನ್ನು ಯಾರೂ ಕೇಳುವುದಿಲ್ಲ. ಆ ಕೈಗಳನ್ನು ನೋಡಿ ಪತ್ರಿಕೆಗೆ ಬರೆಯಲೆಂದೇ ನಾನು ಬಂದಿದ್ದೇನೆ. ಜೊತೆಗೆ ಮೂರು ವರ್ಷದ ಮಗಳು ಸೆಲ್ಬಿ.

“ಮನೆ ಮಗು ಬಾಲ ಎಳೆದ್ರೂ ಸುಮ್ನಿರ್ತಾವೆ. ಹೊರಗಿನವ್ರ ಲೆಕ್ಕ ಬೇರೆ. ಓಡ್ಬಾರ್ದು, ಕಿರುಚ್ಬಾರ್ದು, ಕಣ್ಣಲ್ಲಿ ಕಣ್ಣಿಟ್ಟು ನೋಡ್ಬಾರ್ದು,” ಎನ್ನುತ್ತಾರೆ ದೊಡ್ಡಮ್ಮ. ನಾನು ತಲೆಯಾಡಿಸಿ ಪಕ್ಕಕ್ಕೆ ನೋಡಿದರೆ ಸೆಲ್ಬಿ ಇಲ್ಲ.

ಮಣ್ಣುಗೋಡೆಯ ಬುಡದಲ್ಲಿ, ಮೊನ್ನೆಯಷ್ಟೇ ಮರಿ ಹಾಕಿದ ಗೋಕ್ಜೆಯ ಗೂಡಿನಲ್ಲಿ ಕೂತಿದ್ದಾಳೆ. ಮಡಿಲಲ್ಲಿ ಕಣ್ಣು ತೆರೆಯದ ಒಂದು ಮರಿ. ಈಗಷ್ಟೇ ಕೇಳಿದ್ದೆಲ್ಲ ಮರೆತು ಓಡುತ್ತೇನೆ. ಗೋಕ್ಜೆ ಎದ್ದು ನನ್ನ ಮಗಳಿಗೆ ಅಡ್ಡ ನಿಲ್ಲುತ್ತದೆ. ಹಲ್ಲು ತೋರಿಸುವುದಿಲ್ಲ, ಎದೆಯೊಳಗಿಂದ ಗುರುಗುಟ್ಟುತ್ತದೆ, ಅಷ್ಟೇ. ದೊಡ್ಡಮ್ಮ ನನ್ನ ರಟ್ಟೆ ಹಿಡಿದು ನಿಲ್ಲಿಸುತ್ತಾರೆ.

“ದೊಡ್ಡಮ್ಮ, ನನ್ ಮಗು…”

“ಮಗುಗೇನೂ ಆಗಲ್ಲ. ಅದರ ಮೈಮೇಲಿನ ಕೋಟು ನೋಡು.”

ಚಳಿಯೆಂದು ನಾವು ಬಂದೊಡನೆ ಅವರೇ ತೊಡಿಸಿದ, ಅವರ ಮೊಮ್ಮಗನ ಹಳೆಯ ಹತ್ತಿ ಕೋಟು. ಆ ವಾಸನೆಗೆ ಸೆಲ್ಬಿ ಈಗ ಈ ಮನೆಯ ಮಗು. ಹೊರಗಿನವಳು ನಾನು.

“ತಪ್ಪು ನಂದು. ಚಳಿ ನೆನಪಾಯ್ತು, ಬಾಣಂತಿ ನಾಯಿ ಮರ್ತೇಹೋಯ್ತು. ನಾನು ಮಗುನ ಎತ್ಕೊಂಡ್ರೂ ಅದು ಅಮ್ಮಾ ಅಂತ ನಿನ್ ಹತ್ರ ಬರತ್ತೆ. ಆಗ ಗೋಕ್ಜೆ ನಿನ್ನ ಬಿಡಲ್ಲ. ಮೊದ್ಲು ನೀನು ಮನೆಯವಳಾಗ್ಬೇಕು.”

ಹೊಸ ಸೊಸೆ ಬಂದಾಗ ನಾಯಿಗಳಿಗೆ ಗುರುತಾಗಲೆಂದು ಮಾಡುವುದನ್ನೇ ನನಗೂ ಮಾಡುತ್ತಾರೆ. ತಮ್ಮ ಶಾಲು ಬಿಚ್ಚಿ ನನ್ನ ತಲೆಗೆ ಹೊದಿಸುತ್ತಾರೆ. ಆರಿದ ಗಂಜಿಯ ಬೋಗುಣಿ ಕೈಗಿಟ್ಟು, ಮಂಡಿಯೂರಿಸಿ, ಹಿಂದಿನಿಂದ ಪಿಸುಗುಡುತ್ತಾರೆ: “ನೆಲ ನೋಡು. ಬೋಗುಣಿ ತಳ್ಬೇಡ, ಅವಳೇ ಬರ್ಲಿ.”

ಗೋಕ್ಜೆ ಬರುತ್ತದೆ. ಅದರ ಉಸಿರು ನನ್ನ ಹಣೆಗೆ ಬಡಿಯುತ್ತದೆ. ಶಾಲು ಮೂಸುತ್ತದೆ, ಕುತ್ತಿಗೆ ಮೂಸುತ್ತದೆ. ಸೆಲ್ಬಿ ಅತ್ತರೆ ಗತಿಯೇನು ಎಂದು ನಾನು ಉಸಿರು ಬಿಗಿಹಿಡಿದಿದ್ದೇನೆ.

“ಅಮ್ಮಾ, ಮಾತಾಡ್ಬೇಡ,” ಎನ್ನುತ್ತಾಳೆ ಅವಳು. “ಮರಿ ಮಲ್ಕೊಂಡಿದೆ.”

ಬೋಗುಣಿಯಲ್ಲಿ ಲೊಚಲೊಚ ಸದ್ದಾಗುತ್ತದೆ. ದೊಡ್ಡಮ್ಮ ಮೆಲ್ಲನೆ ಗೂಡಿಗೆ ಹೋಗಿ, ಮರಿಯನ್ನು ಕೆಳಗಿಳಿಸಿ, ಸೆಲ್ಬಿಯ ಕೈ ಹಿಡಿದು ನಡೆಸಿಕೊಂಡು ಬರುತ್ತಾರೆ. ಗೋಕ್ಜೆ ತಲೆಯೆತ್ತಿ, ನನ್ನ ಮಡಿಲು ಸೇರಿದ ಮಗುವಿನ ಕೆನ್ನೆ ಒಮ್ಮೆ ನೆಕ್ಕಿ, ಮತ್ತೆ ಗಂಜಿಗೆ ಬಾಯಿ ಹಾಕುತ್ತದೆ. ನನಗೆ ಅಳು ತಡೆಯಲಾಗುವುದಿಲ್ಲ.

ಆಮೇಲೆ ಚಹಾ ಕುಡಿಯುವಾಗ, ಪತ್ರಿಕೆಯಲ್ಲಿ ನಿಮ್ಮ ಬಗ್ಗೆ ಏನು ಬರೆಯಲಿ ಎಂದು ಕೇಳುತ್ತೇನೆ.

“ನನ್ನ ತಪ್ಪು ಬರಿ. ಗೋಕ್ಜೆದೇನೂ ತಪ್ಪಿಲ್ಲ ಅಂತ ಸರಿಯಾಗಿ ಬರಿ. ಇಲ್ಲಾಂದ್ರೆ ಮಾಲೀಕರ ಕಿವಿಗೆ ಬಿದ್ದು, ಕೋವಿ ತಗೊಂಡು ಬರ್ತಾರೆ.” ಬಟ್ಟಲು ಕೆಳಗಿಟ್ಟು ಗೂಡಿನತ್ತ ನೋಡುತ್ತಾರೆ. “ಮಗುನ ಕಾಯೋವಾಗ ಹೆತ್ತವಳನ್ನೂ ನಂಬ್ಲಿಲ್ಲ ನೋಡು ಅವಳು. ಅಂಥವಳನ್ನ ಸಾಕಿದ್ದು ನಾನು.”